ಶುಗರ್‌ನ ಕಾಲುರಿಗೆ ಬೆಳಕಿನ ಪ್ಯಾಡ್: ಎರಡು ವರ್ಷದ ಬಳಕೆಯ ನಂತರ

ಶುಗರ್‌ನಿಂದ ಬರುವ ಕಾಲುರಿಗೆ ಇನ್‌ಫ್ರಾರೆಡ್ ಬೆಳಕಿನ ಪ್ಯಾಡ್ ಬಳಸಲು ಶುರು ಮಾಡಿ ಎರಡು ವರ್ಷ ದಾಟಿದೆ. ಮೊದಲು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ತೆಗೆದುಕೊಂಡೆ. ಆಮೇಲೆ ಮನೆಗೇ ಒಂದು ಸೆಟ್ ತರಿಸಿಕೊಂಡೆ. ಈ ಪ್ಯಾಡ್‌ಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಕೊಂಡ ಹೊಸತರಲ್ಲಿ ಬರೆದವು. "ಸೂಪರ್" ಅಂತಲೋ "ದುಡ್ಡು ದಂಡ" ಅಂತಲೋ ಎರಡೇ ಮಾತಿನಲ್ಲಿ ಮುಗಿದುಹೋಗುತ್ತವೆ. ನರದ ನೋವು ಅಷ್ಟು ಬೇಗ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಉರಿ ಕಡಿಮೆಯಾಗಿದೆ. ರಾತ್ರಿ ನಿದ್ದೆ ಬರುತ್ತಿದೆ. ಆದರೆ ಮರಗಟ್ಟಿದ ಕಾಲ್ಬೆರಳ ತುದಿಗೆ ಸ್ಪರ್ಶ ವಾಪಸ್ ಬಂದಿಲ್ಲ. ನೋವು ತಗ್ಗುವುದು ಬೇರೆ, ನರ ಸರಿಯಾಗುವುದು ಬೇರೆ. ಜಾಹೀರಾತುಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳುತ್ತಾರೆ. ಅದನ್ನು ನಂಬಿಕೊಂಡರೆ ಕಾಲಿಗೇ ಅಪಾಯ.

ನನಗೆ ಟೈಪ್ 2 ಡಯಾಬಿಟಿಸ್ ಬಂದು ಬಹಳ ವರ್ಷವಾಯಿತು. ಕಾಲಿನ ತೊಂದರೆ ಶುರುವಾಗಿದ್ದು ಹೆಬ್ಬೆರಳಿನ ಜುಮುಜುಮುನಿಂದ. ನಿಧಾನವಾಗಿ ಅದು ಎರಡೂ ಅಂಗಾಲಿಗೆ ಹರಡಿತು. ಹಗಲು ಓಡಾಡುವಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ರಾತ್ರಿ ಮಲಗಿದ ಮೇಲೆ ಕೆಂಡದ ಮೇಲೆ ಕಾಲಿಟ್ಟ ಹಾಗೆ ಉರಿ. ಹೊದಿಕೆ ತಾಗಿದರೂ ತಡೆಯಲು ಆಗುತ್ತಿರಲಿಲ್ಲ. ವಿಚಿತ್ರ ಅಂದರೆ ಉರಿಯುವ ಅದೇ ಬೆರಳನ್ನು ಕೈಯಿಂದ ಒತ್ತಿದರೆ ಏನೂ ಗೊತ್ತಾಗುತ್ತಿರಲಿಲ್ಲ! ನೋವೂ ಇದೆ, ಸ್ಪರ್ಶವೂ ಇಲ್ಲ. ಈ ಕಾಯಿಲೆ ಇರುವವರಿಗೆ ಇದು ಹೊಸದಲ್ಲ, ಅಲ್ವಾ?

ಪಾದದಿಂದಲೇ ಶುರುವಾಗುವುದಕ್ಕೆ ಕಾರಣ ಇದೆ. ಮೈಯಲ್ಲಿ ಅತಿ ಉದ್ದದ ನರಗಳು ಕಾಲಿಗೆ ಹೋಗುವಂಥವು. ಅವುಗಳ ಜೀವಕೋಶ ಇರುವುದು ಬೆನ್ನುಮೂಳೆಯ ಪಕ್ಕದಲ್ಲಿ, ಸೊಂಟದ ಹತ್ತಿರ. ಅಲ್ಲಿಂದ ಬೆರಳ ತುದಿಯವರೆಗೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಎಳೆ. ಸಕ್ಕರೆ ಜಾಸ್ತಿ ಇದ್ದಾಗ ನರಕ್ಕೂ ಪೆಟ್ಟು, ನರಕ್ಕೆ ರಕ್ತ ಒಯ್ಯುವ ಸಣ್ಣ ರಕ್ತನಾಳಗಳಿಗೂ ಪೆಟ್ಟು. ದೂರದ ತುದಿ ಮೊದಲು ಸೊರಗುತ್ತದೆ. ಪ್ಯಾಡ್ ಬಗ್ಗೆ ಯೋಚಿಸುವಾಗ ಈ ಒಂದು ಮೀಟರ್ ಮಾತು ನೆನಪಿನಲ್ಲಿರಲಿ. ಯಾಕೆಂದರೆ ಪಾದಕ್ಕೆ ಕಟ್ಟಿದ ಬೆಳಕು ಬೀಳುವುದು ಆ ಎಳೆಯ ಕೊನೆಯ ತುದಿಯ ಮೇಲೆ ಮಾತ್ರ.

ಈ ಬೆಳಕು ಬಿಸಿಲಿನಲ್ಲಿರುವ ಅಲ್ಟ್ರಾವಯಲೆಟ್ ಅಲ್ಲ. ಕೆಂಪು ಬೆಳಕು ಮತ್ತು ಅದರಾಚೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಬೆಳಕಿನ ಬಗೆಯನ್ನು ಅದರ ತರಂಗಾಂತರದಿಂದ, ಅಂದರೆ ಅಲೆಯ ಉದ್ದದಿಂದ, ಗುರುತಿಸುತ್ತಾರೆ. ಹಳೆಯ ಕಾಲದ ಕ್ಲಿನಿಕ್ ಪ್ಯಾಡ್‌ಗಳು 890 ನ್ಯಾನೋಮೀಟರ್‌ನವು. ಈಗ ಮನೆಗೆ ಸಿಗುವವುಗಳಲ್ಲಿ ಸಾಮಾನ್ಯವಾಗಿ 660ರ ಕೆಂಪು ಮತ್ತು 850ರ ಸುತ್ತಮುತ್ತಲಿನ ಇನ್‌ಫ್ರಾರೆಡ್ ಎರಡೂ ಇರುತ್ತವೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಅದು ಈ ಬೆಳಕನ್ನು ಹೀರಿಕೊಳ್ಳುತ್ತದೆ, ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ರಕ್ತನಾಳ ಸ್ವಲ್ಪ ಅಗಲವಾಗುತ್ತದೆ ಎನ್ನುವುದು ಇದರ ಹಿಂದಿನ ವಾದ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಲೇಸರ್ ಬಿಟ್ಟು ಪ್ರಯೋಗ ಮಾಡುವಾಗ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆದದ್ದನ್ನು ಕಂಡರು. ಕಡಿಮೆ ಶಕ್ತಿಯ ಬೆಳಕಿನ ಚಿಕಿತ್ಸೆಯ ಆರಂಭ ಅಲ್ಲಿಂದ ಎನ್ನುತ್ತಾರೆ. ಈಗ ವೈದ್ಯರು ಇದನ್ನು ಫೋಟೊಬಯೋಮಾಡ್ಯುಲೇಷನ್ ಎಂದು ಕರೆಯುತ್ತಾರೆ.

ಇನ್ನು ಬಳಕೆಯ ವಿಷಯ. ಕ್ಲಿನಿಕ್‌ನಲ್ಲಿ ಕಾಲು ಚಾಚಿ ಕೂರಿಸಿ, ಪ್ರತಿ ಕಾಲಿಗೂ ಪ್ಯಾಡ್ ಕಟ್ಟುತ್ತಿದ್ದರು. ಒಂದು ಅಂಗಾಲಿಗೆ, ಒಂದು ಪಾದದ ಮೇಲ್ಭಾಗಕ್ಕೆ, ಉಳಿದವು ಮೀನಖಂಡದ ಎರಡು ಪಕ್ಕಕ್ಕೆ. ಚರ್ಮಕ್ಕೂ ಪ್ಯಾಡಿಗೂ ನಡುವೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತುತ್ತಿದ್ದರು, ಒಬ್ಬರ ಕಾಲಿಗೆ ಕಟ್ಟಿದ್ದನ್ನು ಇನ್ನೊಬ್ಬರಿಗೂ ಕಟ್ಟಬೇಕಲ್ಲ, ಅದಕ್ಕೆ. ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಹಾಗೇ ಕೂರಬೇಕು. ಹಿತವಾದ ಬೆಚ್ಚಗೆ ಮೀನಖಂಡಕ್ಕೆ ಗೊತ್ತಾಗುತ್ತಿತ್ತು, ಬೆರಳುಗಳಿಗೆ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಏನೂ ವ್ಯತ್ಯಾಸ ಕಾಣಲಿಲ್ಲ. ಕೆಲವು ವಾರ ಕಳೆದ ಮೇಲೆ, ಚಿಕಿತ್ಸೆ ತೆಗೆದುಕೊಂಡ ದಿನ ರಾತ್ರಿ ಉರಿ ತಡವಾಗಿ ಶುರುವಾಗುತ್ತಿದೆ ಅನಿಸಿತು. ಒಂದೊಂದು ರಾತ್ರಿ ಶುರುವೇ ಆಗಲಿಲ್ಲ.

ಮತ್ತೆ ಮತ್ತೆ ಹೋಗಿಬರುವುದು ಕಷ್ಟವಾಗಿ ಮನೆಗೆ ಸೆಟ್ ತರಿಸಿದೆ. ಮನೆಯ ಸೆಟ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ. ಪ್ಯಾಡ್ ಚಪ್ಪಟೆ, ಕಾಲ್ಬೆರಳು ಉರುಟು. ಅಂಗಾಲಿಗೆ ಕಟ್ಟಿದರೆ ಪಾದದ ನಡುವೆ ಚೆನ್ನಾಗಿ ಕೂರುತ್ತದೆ, ಬೆರಳ ತುದಿ ಮಾತ್ರ ಅಂಚಿನಿಂದ ಹೊರಗೆ ಉಳಿಯುತ್ತದೆ. ನೋವು ಜಾಸ್ತಿ ಇರುವುದೇ ಅಲ್ಲಿ! ನಾನು ಈಗ ಹಿಮ್ಮಡಿಯನ್ನು ಬಿಟ್ಟು, ಪ್ಯಾಡನ್ನು ಬೆರಳುಗಳ ಕಡೆಗೆ ಎಳೆದು, ಉಳಿದ ತುದಿಯನ್ನು ಬೆರಳ ಮೇಲೆ ಮಡಚಿ, ಪಟ್ಟಿಯನ್ನು ಅಡ್ಡಲಾಗಿ ಸುತ್ತುತ್ತೇನೆ. ಬೆಳಕು ಹೊರಗೆ ಸೋರಬಾರದು, ಚರ್ಮಕ್ಕೆ ತಾಗಿಕೊಂಡಿರಬೇಕು. ಬಿಗಿಯಾಗಿ ಕಟ್ಟುವುದೂ ತಪ್ಪು, ಸ್ಪರ್ಶ ಇಲ್ಲದ ಕಾಲಿಗೆ ಪಟ್ಟಿ ಒತ್ತಿದ್ದು ಗೊತ್ತಾಗುವುದಿಲ್ಲ. ಬಿಚ್ಚಿದಾಗ ಚರ್ಮದ ಮೇಲೆ ಗುರುತು ಉಳಿದಿದ್ದರೆ ಬಿಗಿ ಜಾಸ್ತಿಯಾಗಿದೆ ಎಂದೇ ಅರ್ಥ. ಬೂಟಿನ ಆಕಾರದ ಮಾದರಿಗಳೂ ಇವೆ. ಕಾಲು ಒಳಗಿಟ್ಟರೆ ಆಯಿತು, ಕಟ್ಟುವ ಗೋಜಿಲ್ಲ. ಆದರೆ ಅವುಗಳಲ್ಲಿ ಬೆಳಕಿಗೂ ಚರ್ಮಕ್ಕೂ ನಡುವೆ ಜಾಗ ಉಳಿಯುತ್ತದೆ. ಕೈಗೆ, ಮೊಣಕಾಲಿಗೆ ಬಳಸಲೂ ಆಗುವುದಿಲ್ಲ. ನನಗೆ ಪ್ಯಾಡೇ ಇಷ್ಟ.

ಕೆಂಪು ದೀಪ ಉರಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ, ಇನ್‌ಫ್ರಾರೆಡ್ ಕಾಣುವುದಿಲ್ಲ. ಹಾಗಾದರೆ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಪ್ಯಾಡಿನ ಕಡೆ ಹಿಡಿಯಿರಿ. ಹಲವು ಫೋನ್‌ಗಳಲ್ಲಿ ಆ ದೀಪಗಳು ತಿಳಿ ನೇರಳೆ ಚುಕ್ಕಿಗಳಾಗಿ ಕಾಣುತ್ತವೆ. ನಾನು ಆಗಾಗ ಹೀಗೆ ನೋಡುತ್ತೇನೆ. ನನ್ನ ಒಂದು ಪ್ಯಾಡಿನ ಅಂಚಿನ ಸಾಲು ಪೂರ್ತಿ ಸತ್ತಿದ್ದು ಗೊತ್ತಾಗಿದ್ದು ಹೀಗೆಯೇ. ವೈರ್ ಪ್ಯಾಡಿಗೆ ಸೇರುವ ಜಾಗದಲ್ಲಿ ಮಡಚಿ ಮಡಚಿ ಒಳಗೆ ತುಂಡಾಗಿತ್ತು. ಕಂಪನಿಯವರು ಬದಲಾಯಿಸಿ ಕೊಟ್ಟರು, ಆದರೆ ಸಾಕಷ್ಟು ಸತಾಯಿಸಿದ ಮೇಲೆ. ವೆಲ್ಕ್ರೋ ಪಟ್ಟಿಯೂ ಅಷ್ಟೇ, ನೂಲು ಕಸ ಹಿಡಿದು ವರ್ಷದೊಳಗೆ ಅಂಟುವುದು ಬಿಟ್ಟಿತು. ಬೇರೆ ಪಟ್ಟಿ ಹೊಲಿಸಿಕೊಂಡೆ.

ಈಗ ನಿಜವಾದ ಪ್ರಶ್ನೆಗೆ ಬರೋಣ. ನನಗೆ ಸಿಕ್ಕ ಆರಾಮ ಬೆಳಕಿನಿಂದಲೇ ಬಂದದ್ದಾ? ಅದೇ ಸಮಯದಲ್ಲಿ ಬೇರೆ ಬದಲಾವಣೆಗಳೂ ಆಗಿದ್ದವು. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯ ಅಂಕಿ, ನಿಧಾನವಾಗಿ ಇಳಿದಿತ್ತು. ವಿಟಮಿನ್ ಬಿ12 ಕಡಿಮೆ ಇದೆ ಎಂದು ಪರೀಕ್ಷೆಯಲ್ಲಿ ಕಂಡು ಡಾಕ್ಟರ್ ಇಂಜೆಕ್ಷನ್ ಕೊಟ್ಟಿದ್ದರು. ಶುಗರ್‌ನ ಮಾತ್ರೆ ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡವರಿಗೆ ಬಿ12 ಕಡಿಮೆಯಾಗುವುದು ಸಾಮಾನ್ಯ. ಬಿ12 ಕೊರತೆಯೂ ಇದೇ ರೀತಿಯ ಜುಮುಜುಮು, ಉರಿ ತರುತ್ತದೆ. ಕಾಲುರಿ ಇರುವ ಪ್ರತಿಯೊಬ್ಬರೂ ಪ್ಯಾಡ್ ಕೊಳ್ಳುವ ಮೊದಲು ಈ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.

ಹಾಗಾಗಿ ಒಂದು ಪರೀಕ್ಷೆ ಮಾಡಿ ನೋಡಿದೆ. ಕೆಲವು ವಾರ ಬಲಗಾಲಿಗೆ ಮಾತ್ರ ಬೆಳಕು. ಎಡಗಾಲಿಗೆ ಪ್ಯಾಡ್ ಕಟ್ಟುವುದು, ಆದರೆ ಸ್ವಿಚ್ ಹಾಕದೆ. ಎರಡೂ ಕಾಲನ್ನು ಒಂದೇ ರೀತಿ ಚಾಚಿ ಕೂರುವುದು. ಮಲಗುವ ಮುಂಚೆ ಪ್ರತಿ ಕಾಲಿನ ಉರಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಪುಸ್ತಕದಲ್ಲಿ ಬರೆಯುವುದು. ಬಲಗಾಲಿನ ಉರಿ ತಗ್ಗಿಯೇ ಇತ್ತು. ಆದರೆ ಎಡಗಾಲಿನ ಉರಿಯೂ ಹೆಚ್ಚೇನೂ ಏರಲಿಲ್ಲ! ವ್ಯತ್ಯಾಸ ಇತ್ತು, ಸಣ್ಣದು. ಆಮೇಲೆ ಎರಡೂ ಕಾಲಿಗೆ ಪೂರ್ತಿ ನಿಲ್ಲಿಸಿ, ಕಾಲು ಚಾಚಿ ಕೂರುವುದನ್ನೂ ಬಿಟ್ಟು ನೋಡಿದೆ. ಆಗ ರಾತ್ರಿಯ ಉರಿ ನಿಧಾನವಾಗಿ ಮೇಲೇರಿತು. ಮೊದಲಿನಷ್ಟು ಅಲ್ಲ, ಆದರೂ ನಿದ್ದೆ ಕೆಡುವಷ್ಟು. ದಿನವೂ ಕಾಲು ಮೇಲಿಟ್ಟು ಶಾಂತವಾಗಿ ಕೂರುವುದರಲ್ಲೂ ಒಂದು ಪಾಲು ಆರಾಮ ಇದೆ, ಬೆಳಕಿನದು ಇನ್ನೊಂದು ಪಾಲು ಇರಬಹುದು ಅಂತ ನನಗೆ ಅನಿಸಿದ್ದು ಆಗ.

ಈ ಪುಸ್ತಕ ತೋರಿಸಿದಾಗ ನಮ್ಮ ಫಿಸಿಯೋಥೆರಪಿಸ್ಟ್ ನಗಲಿಲ್ಲ. ದೊಡ್ಡ ಮಟ್ಟದಲ್ಲಿ ಇದೇ ಆಗಿದೆ ಎಂದು ಹೇಳಿ ಅಧ್ಯಯನಗಳನ್ನು ತೆರೆದು ತೋರಿಸಿದರು. ಡಯಾಬಿಟಿಸ್ ಕೇರ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2004ರಲ್ಲಿ ಬಂದ ಒಂದು ಅಧ್ಯಯನದಲ್ಲಿ 27 ಜನ ಇದ್ದರು. ಅವರಲ್ಲೂ ಒಂದು ಕಾಲಿಗೆ ನಿಜವಾದ ಪ್ಯಾಡ್, ಇನ್ನೊಂದಕ್ಕೆ ಬೆಳಕು ಬರದ ಪ್ಯಾಡ್ ಕಟ್ಟಿದ್ದರು. ಮರಗಟ್ಟುವಿಕೆ ತೀರಾ ಮುಂದುವರಿಯದವರಲ್ಲಿ ಸ್ಪರ್ಶ ಸುಧಾರಿಸಿತು, ನೋವೂ ತಗ್ಗಿತು ಎಂದು ಅದು ಹೇಳಿತು. ತೀರಾ ಮರಗಟ್ಟಿದ ಕಾಲುಗಳಲ್ಲಿ ಹೇಳುವಂಥ ಸುಧಾರಣೆ ಕಾಣಲಿಲ್ಲ. ಅದೇ ವರ್ಷ, ಅದೇ ಪತ್ರಿಕೆಯಲ್ಲಿ 50 ಜನರ ಮೇಲೆ ಲೇಸರ್ ಬಳಸಿದ ಅಧ್ಯಯನವೂ ಬಂತು. ನೋವು ತಗ್ಗುವ ಸೂಚನೆ ಇತ್ತು, ಶಿಫಾರಸು ಮಾಡುವಷ್ಟು ಆಧಾರ ಸಿಗಲಿಲ್ಲ. 2005ರಲ್ಲಿ 39 ಜನರ ಅಧ್ಯಯನದಲ್ಲಿ ನಿಜವಾದ ಪ್ಯಾಡ್ ಕಟ್ಟಿಕೊಂಡವರೂ ಸುಧಾರಿಸಿದರು, ಬೆಳಕಿಲ್ಲದ ಪ್ಯಾಡ್ ಕಟ್ಟಿಕೊಂಡವರೂ ಸುಧಾರಿಸಿದರು. ಇಬ್ಬರ ನಡುವೆ ವ್ಯತ್ಯಾಸ ಇಲ್ಲ. 2008ರಲ್ಲಿ 69 ಜನ ಮನೆಯಲ್ಲೇ ದಿನಕ್ಕೆ 40 ನಿಮಿಷದಂತೆ 90 ದಿನ ಬಳಸಿದರು. ಅಲ್ಲೂ ನಿಜ, ನಕಲಿ ಎರಡೂ ಒಂದೇ. ಅದಕ್ಕೂ ಮೊದಲೇ, 2006ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಈ ನೋವಿಗೆ ಇನ್‌ಫ್ರಾರೆಡ್ ಯಂತ್ರಗಳ ಖರ್ಚು ಕೊಡುವುದಿಲ್ಲ ಎಂದು ತೀರ್ಮಾನಿಸಿತ್ತು.

ಇದನ್ನು ಕೇಳಿ ಮನಸ್ಸಿಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ರಾತ್ರಿಗಳು ಸುಧಾರಿಸಿದ್ದೂ ಸುಳ್ಳಲ್ಲ. ನೋವು ಅನ್ನುವುದು ಅನುಭವಿಸುವವರಿಗೆ ಮಾತ್ರ ಗೊತ್ತಾಗುವಂಥದ್ದು. ಅದು ಕಡಿಮೆಯಾದರೆ ಕಾರಣ ಅರ್ಧ ಬೆಳಕು, ಅರ್ಧ ವಿಶ್ರಾಂತಿ ಆಗಿದ್ದರೂ ಸರಿಯೇ, ನಾನು ಬೇಡ ಅನ್ನುವುದಿಲ್ಲ. ನನ್ನ ತಕರಾರು ಇರುವುದು "ನರ ಮತ್ತೆ ಬೆಳೆಯುತ್ತದೆ, ಸ್ಪರ್ಶ ವಾಪಸ್ ಬರುತ್ತದೆ" ಎಂಬ ಭರವಸೆಯ ಮೇಲೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಇಂಥ ಯಂತ್ರಗಳಿಗೆ ಸಿಗುವ ಅನುಮತಿ ಸಾಮಾನ್ಯವಾಗಿ ತಾತ್ಕಾಲಿಕವಾಗಿ ನೋವು ತಗ್ಗಿಸುವುದಕ್ಕೆ, ಆ ಜಾಗದ ರಕ್ತಸಂಚಾರ ತಾತ್ಕಾಲಿಕವಾಗಿ ಹೆಚ್ಚಿಸುವುದಕ್ಕೆ. ನರ ಗುಣಪಡಿಸುವುದಕ್ಕೆ ಅಲ್ಲ.

ಸ್ಪರ್ಶ ಬಂದಿದೆಯಾ ಇಲ್ಲವಾ ಎಂದು ನಾವೇ ಊಹಿಸಬೇಕಾಗಿಲ್ಲ. ಅದಕ್ಕೆ ಸುಲಭದ ಪರೀಕ್ಷೆ ಇದೆ. ಮಾನೋಫಿಲಮೆಂಟ್ ಎಂಬ ಗಟ್ಟಿ ನೈಲಾನ್ ಎಳೆ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಮುಟ್ಟಿಸುತ್ತಾರೆ, ಗೊತ್ತಾದಾಗ ಹೇಳಬೇಕು. ಜೊತೆಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳ ಗೆಣ್ಣಿನ ಮೇಲಿಟ್ಟು ಕಂಪನ ಗೊತ್ತಾಗುತ್ತಾ ಎಂದು ಕೇಳುತ್ತಾರೆ. ಚಿಕಿತ್ಸೆಗೆ ಮೊದಲು ನನ್ನ ಎರಡೂ ಹೆಬ್ಬೆರಳಲ್ಲಿ ಎಳೆ ಮುಟ್ಟಿದ್ದು ಗೊತ್ತಾಗಿರಲಿಲ್ಲ. ಈಗಲೂ ಗೊತ್ತಾಗುವುದಿಲ್ಲ. ಈ ನಡುವೆ ಉರಿಯ ಅಂಕ ಎಷ್ಟೋ ಇಳಿದಿದೆ. ಎರಡು ವರ್ಷದ ಬಳಕೆಯಿಂದ ನನಗೆ ಸ್ಪಷ್ಟವಾದದ್ದು ಇದು.

ಇದು ಯಾಕೆ ಇಷ್ಟು ಮುಖ್ಯ? ಉರಿ ಇದ್ದಾಗ ಕಾಲಿನ ಕಡೆ ಗಮನ ತಾನಾಗಿಯೇ ಹೋಗುತ್ತದೆ. ಉರಿ ಹೋದರೆ ಕಾಲು ಗುಣವಾಯಿತು ಅಂದುಕೊಂಡು ಬರಿಗಾಲಲ್ಲಿ ಓಡಾಡುತ್ತೇವೆ. ಮುಳ್ಳು ಹೊಕ್ಕರೂ, ಚಪ್ಪಲಿ ಕಚ್ಚಿದರೂ ತಿಳಿಯುವುದಿಲ್ಲ. ಹುಣ್ಣು ಶುರುವಾಗುವುದೇ ಹೀಗೆ. ನಾನು ಪ್ಯಾಡ್ ಕಟ್ಟುವ ಮುಂಚೆ ಪ್ರತಿ ಸಲ ಬೆರಳುಸಂದು, ಹಿಮ್ಮಡಿ, ಅಂಗಾಲು ನೋಡಿಕೊಳ್ಳುತ್ತೇನೆ. ಬಗ್ಗಿ ನೋಡಲು ಆಗದ ಜಾಗಕ್ಕೆ ಕನ್ನಡಿ ಇಟ್ಟುಕೊಂಡಿದ್ದೇನೆ. ಪ್ಯಾಡಿನಿಂದ ನನಗಾದ ಉಪಕಾರಗಳಲ್ಲಿ ಈ ಅಭ್ಯಾಸವೇ ದೊಡ್ಡದು ಅಂತ ನನ್ನ ನಂಬಿಕೆ.

ಬಿಸಿಯ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಪ್ಯಾಡ್ ಬೆಚ್ಚಗಾಗುತ್ತದೆ. ಆರೋಗ್ಯವಾದ ಕಾಲಿಗೆ ಅದು ಹಿತ. ಮರಗಟ್ಟಿದ ಕಾಲಿಗೆ ಬಿಸಿ ಎಷ್ಟಿದೆ ಎಂದೇ ತಿಳಿಯುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಶುರುವಿನಲ್ಲಿ ಪ್ರತಿ ಸಲ ಮಗಳು ನಡುವೆ ಬಂದು ಪ್ಯಾಡಿನ ಕೆಳಗೆ ಬೆರಳು ತೂರಿಸಿ ನೋಡುತ್ತಿದ್ದಳು. "ಅಪ್ಪಾ, ಇದು ಬಿಸಿ ಜಾಸ್ತಿ ಆಯ್ತು, ಒಂದು ಹಂತ ಇಳಿಸಿ" ಎಂದು ಅವಳು ಹೇಳಿದಾಗ ನನ್ನ ಕಾಲಿಗೆ ಏನೂ ಅನಿಸಿರಲಿಲ್ಲ. ಆವತ್ತಿನಿಂದ ಅತಿ ಹೆಚ್ಚಿನ ಮಟ್ಟಕ್ಕೆ ಇಡುವುದೇ ಇಲ್ಲ. ಪ್ಯಾಡ್ ಕಟ್ಟಿಕೊಂಡು ಮಲಗಿ ನಿದ್ದೆ ಹೋಗಲೇಬಾರದು. ತಾನಾಗಿಯೇ ಆಫ್ ಆಗುವ ಟೈಮರ್ ಇಲ್ಲದ ಯಂತ್ರ ಬೇಡವೇ ಬೇಡ. ಕಾಲಲ್ಲಿ ಹುಣ್ಣು, ಗಾಯ, ಕೆಂಪು ಊತ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಕ್ಯಾನ್ಸರ್ ಇರುವ ಜಾಗದ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ ಇದನ್ನು ಇಡುವಂತಿಲ್ಲ. ಬೆಳಕಿಗೆ ಚರ್ಮ ಸೂಕ್ಷ್ಮವಾಗುವಂಥ ಮಾತ್ರೆ ತಗೊಳ್ಳುತ್ತಿದ್ದರೂ ಮುಂಚೆ ಕೇಳಿಕೊಳ್ಳಿ. ದೀಪಗಳನ್ನು ನೇರವಾಗಿ ದಿಟ್ಟಿಸಬೇಡಿ. ಲೇಸರ್ ಆದರಂತೂ ಅದಕ್ಕೆಂದೇ ಇರುವ ರಕ್ಷಣೆಯ ಕನ್ನಡಕ ಕಡ್ಡಾಯ.

ಮಾತ್ರೆಗಳ ವಿಷಯಕ್ಕೆ ಬಂದರೆ, ನಾನು ನರದ ನೋವಿಗೆ ಕೊಡುವ ಪ್ರೀಗ್ಯಾಬಾಲಿನ್ ತಗೊಳ್ಳುತ್ತಿದ್ದೆ. ನೋವು ತಗ್ಗುತ್ತಿತ್ತು, ಬೆಳಗ್ಗೆ ತಲೆ ಭಾರ, ಪಾದ ಊತ ಕಾಡುತ್ತಿತ್ತು. ಕೆಲವರಿಗೆ ಡ್ಯುಲೊಕ್ಸೆಟಿನ್ ಒಗ್ಗುತ್ತದೆ. ಈ ಎರಡು ಮಾತ್ರೆಗಳ ಹಿಂದೆ ಬೆಳಕಿಗಿಂತ ಎಷ್ಟೋ ಗಟ್ಟಿಯಾದ ಆಧಾರ ಇದೆ. ಉರಿ ಇಳಿದ ಮೇಲೆ ಡಾಕ್ಟರ್ ನನ್ನ ಡೋಸ್ ಕಡಿಮೆ ಮಾಡಿದರು, ಪೂರ್ತಿ ನಿಲ್ಲಿಸಲಿಲ್ಲ. ಪ್ರೀಗ್ಯಾಬಾಲಿನ್ ಒಮ್ಮೆಲೇ ಬಿಟ್ಟರೆ ತೊಂದರೆಯಾಗುತ್ತದೆ, ಹಂತ ಹಂತವಾಗಿಯೇ ಇಳಿಸಬೇಕು. ಪ್ಯಾಡ್ ಬಂತಲ್ಲ ಅಂತ ಮಾತ್ರೆ ಬಿಡುವವರು ದಯವಿಟ್ಟು ಹಾಗೆ ಮಾಡಬೇಡಿ. ಶುಗರ್ ಹಿಡಿತವಂತೂ ಎಲ್ಲಕ್ಕಿಂತ ಮೊದಲು. 1993ರಲ್ಲಿ ಹೊರಬಂದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ ಟೈಪ್ 1 ಇರುವವರು ಶುಗರನ್ನು ಬಿಗಿಯಾಗಿ ಹಿಡಿದಿಟ್ಟಾಗ ನರದ ತೊಂದರೆ ಬರುವುದು ಸುಮಾರು 60 ಶೇಕಡಾ ಕಡಿಮೆಯಾಗಿತ್ತು. ಯಾವ ದೀಪವೂ ಅಷ್ಟು ಮಾಡಿಲ್ಲ. ಟೈಪ್ 2 ಇರುವ ನಮ್ಮಲ್ಲಿ ಲಾಭ ಅಷ್ಟು ದೊಡ್ಡದಲ್ಲದಿದ್ದರೂ ದಾರಿ ಅದೇ.

ಹಾಗಾದರೆ ಯಾರು ಕೊಳ್ಳಬಹುದು? ಉರಿ, ಜುಮುಜುಮು ಇದ್ದು, ಸ್ಪರ್ಶ ಇನ್ನೂ ತಕ್ಕಮಟ್ಟಿಗೆ ಉಳಿದಿರುವವರು ಪ್ರಯತ್ನಿಸಿ ನೋಡಬಹುದು. ಮಾತ್ರೆ ಒಗ್ಗದವರೂ ನೋಡಬಹುದು. ನೋವಿಲ್ಲದೆ ಬರೀ ಮರಗಟ್ಟಿರುವವರು ಇದಕ್ಕೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ನೋವು ಒಂದೇ ಕಾಲಲ್ಲಿದ್ದರೆ, ದಿಢೀರನೆ ಬಂದಿದ್ದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಅದು ಬೇರೆಯೇ ತೊಂದರೆ ಇರಬಹುದು, ಮೊದಲು ತೋರಿಸಿಕೊಳ್ಳಿ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತಿದ್ದರೆ ಅದು ರಕ್ತನಾಳದ ಸಮಸ್ಯೆಯ ಲಕ್ಷಣ. ಪ್ಯಾಡ್ ಕಟ್ಟಿಕೊಂಡು ಕೂರುವ ಹೊತ್ತಲ್ಲ ಅದು.

ಕೊಳ್ಳುವ ಮೊದಲು ಸಾಧ್ಯವಾದರೆ ಕ್ಲಿನಿಕ್‌ನಲ್ಲಿ ಕೆಲವು ವಾರ ತಗೊಂಡು ನೋಡಿ. ಶುರು ಮಾಡುವ ಮುಂಚೆಯೇ ಮಾನೋಫಿಲಮೆಂಟ್ ಪರೀಕ್ಷೆ ಮಾಡಿಸಿ ಬರೆಸಿಟ್ಟುಕೊಳ್ಳಿ. ಉರಿಯ ಅಂಕವನ್ನೂ ದಿನಾ ಬರೆಯಿರಿ, ಇಲ್ಲದಿದ್ದರೆ ಹೋದ ತಿಂಗಳ ನೋವು ಎಷ್ಟಿತ್ತು ಎಂದು ನೆನಪಿರುವುದಿಲ್ಲ. ಯಂತ್ರದ ಮೇಲೆ ತರಂಗಾಂತರ ಎಷ್ಟು ನ್ಯಾನೋಮೀಟರ್ ಎಂದು ಬರೆದಿದೆಯಾ, ಟೈಮರ್ ಇದೆಯಾ, ಬೆಳಕಿನ ಮಟ್ಟ ಇಳಿಸಲು ಬರುತ್ತದಾ, ಪ್ಯಾಡ್ ಬಿಡಿಯಾಗಿ ಸಿಗುತ್ತದಾ, ಬಳಸಿ ನೋಡಿ ಒಗ್ಗದಿದ್ದರೆ ವಾಪಸ್ ತಗೊಳ್ಳುತ್ತಾರಾ, ಎಷ್ಟು ದಿನದೊಳಗೆ ಎಂದು ವಿಚಾರಿಸಿ. ವಾಪಸ್ ತಗೊಳ್ಳುವ ಮಾತನ್ನು ಬರಹದಲ್ಲಿ ಕೊಡದವರಿಂದ ನಾನಾದರೆ ಕೊಳ್ಳುವುದಿಲ್ಲ.